ಮನೆ ನಂಬರು ಹನ್ನೊಂದು

ಹೆಸರಿನ ಹಾಳೆಗಳನ್ನು ಕೂಡಿಸಿ ಮೊತ್ತ ತೆಗೆದ ಮೇಲೆ
ರದ್ದಿಗೆ ಹಾಕಿದರಂತೆ ರಾಣಿ ಸರಕಾರದವರು.
ಉಳಿದದ್ದು ಗಂಡಸರು ಇಷ್ಟು, ಹೆಂಗಸರು ಇಷ್ಟು,
ಕುರುಡರು ಕಿವುಡರು ಇಷ್ಟು.
ಕಲಾದಗಿಯ ಒಂದು ಕಟ್ಟು ಮಾತ್ರ ಹೇಗೋ ತಪ್ಪಿಸಿಕೊಂಡು
ಹಳೇ ಕುಲಕರ್ಣಿ ಮನೆಯ ಅಟ್ಟದಲ್ಲಿ
ಎಣ್ಣೆ ಡಬ್ಬಿಯ ಹಿಂದೆ ಕೂತಿತ್ತು
ನೂರಾ ನಲವತ್ತು ವರ್ಷ, ಯಾರೂ ಕರೆಯದೆ.

ಲಿಪಿ ಮೋಡಿ. ನನಗೆ ಬಾರದು.
ಜಮಖಂಡಿಯ ನರಹರಿ ಮಾಸ್ತರರು ಭೂತಗನ್ನಡಿ ಹಿಡಿದು
ಇರುವೆಸಾಲಿನಿಂದ ಒಬ್ಬೊಬ್ಬರನ್ನೇ ಕೆಳಗಿಳಿಸುತ್ತಾರೆ:
ಯಂಕಾ. ಭೀಮಸಿ. ಹುಲಿಗಿ. ಹೆಸರಿಡದ ಕೂಸು, ಹೆಣ್ಣು.
ಕಸುಬು, ಕಲ್ಲು.
ಕಸುಬು, ಕಲ್ಲು.
ಕಸುಬು, ಅದೇ.
ವಯಸ್ಸು ಇಪ್ಪತ್ತು, ಮೂವತ್ತು, ನಲವತ್ತು;
ಆ ಗಣಿಯಲ್ಲಿ ಯಾರಿಗೂ ಮೂವತ್ಮೂರು ತುಂಬಿರಲಿಲ್ಲ.

ನಾನು ಹುಡುಕುತ್ತಿದ್ದದ್ದು ಗುಂಡಪ್ಪನನ್ನು.
ಮದ್ದು ಸಿಡಿದು ಎರಡು ಬೆರಳು ಕಳಕೊಂಡಾತ,
ಅಜ್ಜಿ ತನ್ನ ಬೆರಳು ಮಡಿಚಿ ತೋರಿಸುತ್ತಿದ್ದಳು.
ಹೆಂಡತಿ ನಾಗವ್ವ.
ಐದು ಸಲ ತಿರುವಿದೆವು. ಗುಂಡಪ್ಪ ಇಲ್ಲ.
ಇರುವಾತ ಕಲ್ಲಪ್ಪ, ನಾಗಿಯ ಗಂಡ, ಮನೆ ನಂಬರು ಹನ್ನೊಂದು.
ಮನೆ ಎಂದರೆ ಜಾಲಿಗಿಡಕ್ಕೆ ಆನಿಸಿದ ತಟ್ಟಿ.

ನಮ್ಮ ಅಡ್ಡಹೆಸರು ಕಲ್ಲಪ್ಪನವರ.
ಸಾಲಿಯ ದಾಖಲೆಯಲ್ಲಿ, ರೇಶನ್ ಕಾರ್ಡಿನಲ್ಲಿ,
ನವನಗರದ ಪ್ಲಾಟಿನ ಹಕ್ಕುಪತ್ರದಲ್ಲಿ ಕಲ್ಲಪ್ಪನವರ.
ಮನೆತನದಲ್ಲಿ ಒಬ್ಬ ಕಲ್ಲಪ್ಪನೂ ಇಲ್ಲ.
ಯಾರೂ ಕೇಳಿರಲಿಲ್ಲ, ನಾನೂ.

ಹದಿನೆಂಟುನೂರಾ ಎಂಬತ್ತೊಂದು, ಫೆಬ್ರುವರಿ ಹದಿನೇಳರ ರಾತ್ರಿ.
ಹುಣ್ಣಿಮೆ ಕಳೆದು ಮೂರು ದಿನ, ಚಂದ್ರನಿಗೆ ಅವಸರವಿಲ್ಲ.
ಕಂದೀಲು ಹಿಡಿದು ಬಂದ ಕಾರಕೂನ.
ಗಂಡ ಉಳಿ ಹಣಿಸಲು ಹೋಗಿ ಕುಲುಮೆಯಲ್ಲೇ ಮಲಗಿದ್ದಾನೆ.
‘ಹೆಸರೇನಬೇ ನಿನ್ನ ಗಂಡಂದು?’
ನಾಗಿ ಸೆರಗು ಬಾಯಿಗೆ ಒತ್ತಿದಳು.
ಮತ್ತೆ ಕೇಳಿದ, ಜೋರಾಗಿ, ಕಿವುಡರನ್ನು ಕೇಳಿದಂತೆ.
ಗಂಡನ ಹೆಸರು ಹೇಳಿದರೆ ಆಯುಷ್ಯ ಕಡಿಮೆ,
ಮದ್ದು ಸಿಡಿಸುವವನ ಆಯುಷ್ಯ ಮೊದಲೇ ಎಷ್ಟು?
ಒಲೆಯ ಪಕ್ಕ ಖಾರ ಅರೆಯುವ ಗುಂಡುಕಲ್ಲು ಇತ್ತು.
ಬೆರಳು ಮಾಡಿ ತೋರಿಸಿದಳು:
ಅಲ್ಲೇ ಐತಿ, ನೋಡಿ ಬರಕೋ.

ಕಾರಕೂನನಿಗೆ ಕಂಡದ್ದು ಕಲ್ಲು.
ಬರೆದ.
ಪಾಪ, ಇನ್ನೂ ಹನ್ನೆರಡು ತಟ್ಟಿ ಎಣಿಸಬೇಕಿತ್ತು,
ಕಂದೀಲಿನಲ್ಲಿ ಎಣ್ಣೆ ತಳ ಕಂಡಿತ್ತು.
ಆಮೇಲೆ ಆ ಕಾಗದ ನೋಡಿ ಈ ಕಾಗದ,
ಈ ಕಾಗದ ನೋಡಿ ನಾವು.

ಮಾಸ್ತರರು ಒಪ್ಪುವುದಿಲ್ಲ.
ದಾಖಲೆ ದಾಖಲೆ, ಬಾಯಿಮಾತು ಬಾಯಿಮಾತು ಎನ್ನುತ್ತಾರೆ.
ನನ್ನ ಹತ್ತಿರ ಇರುವುದು ಒಂದು ಒಡಪು,
ಬೀಗರ ಎದುರು ಎಲೆ ಹಾಕಿದಾಗ
ಹೊಸ ಸೊಸೆಯಂದಿರು ತಮ್ಮದಕ್ಕೆ ಮೊದಲು
ನಾಗವ್ವನದೆಂದು ಹೇಳಲೇಬೇಕಿದ್ದ ಒಡಪು:
‘ಹನ್ನೆರಡು ವರ್ಷ ಹೊಳಿ ಉರುಳಿಸಿತು, ಮೂಲಿ ಮುಕ್ಕಾಗಲಿಲ್ಲ.
ಮೂಲಿನ ಇಲ್ಲದಾಂವಗ ಮುಕ್ಕೆಲ್ಲಿಂದ ಬರಬೇಕು?
ಗುಂಡಪ್ಪ ಅಂತಾರ.’

ನಾಗಿ ಎಂದೋ ಒಂದು ಸಲ, ನಗುತ್ತ, ಊಟದ ಸಾಲಿನಲ್ಲಿ
ಆ ಹೆಸರು ಹೇಳಿದ್ದಾಳೆ. ಸರಕಾರ ಆಗ ಅಲ್ಲಿರಲಿಲ್ಲ.

ಗಣಿ ಈಗ ಹಿನ್ನೀರಿನಲ್ಲಿದೆ. ಬೇಸಿಗೆಯಲ್ಲಿ
ಅದರ ಒಂದು ಅಂಚು ಎದ್ದು ಬಿಸಿಲು ಕಾಯಿಸುತ್ತದೆ,
ಕೊಕ್ಕರೆ ಕೂಡುತ್ತದೆ, ಉಳಿಯ ಗಾಯಗಳ ಮೇಲೆ.

ಹೊರಡುವಾಗ ಕೇಳಿದೆ: ಗುಂಡಪ್ಪ ಅಂತ
ಮೋಡಿಯಲ್ಲಿ ಹ್ಯಾಂಗ ಬರೀತಾರ್ರಿ?
ಮಾಸ್ತರರು ಬಸ್ ಟಿಕೆಟು ಇಸಿದುಕೊಂಡು, ತಿರುವಿ,
ಮೊದಲು ಉದ್ದಕ್ಕೆ ಒಂದು ಗೆರೆ ಎಳೆದರು,
ತಂತಿಗೆ ಬಟ್ಟೆ ಒಣಹಾಕಿದಂತೆ
ಒಂದೊಂದೇ ಅಕ್ಷರ ಜೋತುಹಾಕಿದರು.
ಕಿಸೆಯಲ್ಲಿದೆ.
ಓದಲು ಬಾರದು ನನಗೆ.
ಕಲ್ಲಪ್ಪ ಎಂದು ಬರೆದುಕೊಟ್ಟಿದ್ದರೂ
ಇಷ್ಟೇ ಜೋಪಾನವಾಗಿ ಇಟ್ಟುಕೊಳ್ಳುತ್ತಿದ್ದೆನೇನೋ.