ಟಕ್

ಮೊದಲು ಕೇಳಿಸಿಕೊಂಡವನು ಗೇಗಿ,
ಹಿಂದಿನ ಸೀಟು, ಎರಡನೇ ಕ್ಲಾಸು.
ಉಶ್ಗುಲಿ ದಾರಿಯ ತಿರುವಿನಲ್ಲಿ ನಾನು ಕಾಲೆತ್ತಿದಾಗೆಲ್ಲ
ನಾಲಿಗೆಯನ್ನು ಅಂಗುಳಿಗೆ ಬಡಿದು ‘ಟಕ್’ ಅನ್ನುತ್ತಿದ್ದ.
ಗದರಿದೆ.
ಹನ್ನೊಂದು ವರ್ಷ ಇದೇ ಡೆಲಿಕಾ ವ್ಯಾನು, ಇದೇ ಕಣಿವೆ,
ಕೇಳಿ ಕೇಳಿ ಸವೆದದ್ದು ನನ್ನ ಕಿವಿಯೇ ಎಂದು
ಹೇಗೆ ಗೊತ್ತಾಗಬೇಕು?

ಮೆಸ್ತಿಯಾದಲ್ಲಿ, ಸೇತುವೆ ಪಕ್ಕ, ಮುಷ್ನಿಯ ಶೆಡ್ಡು.
ಅವನು ಗಾಡಿ ಮುಟ್ಟಲಿಲ್ಲ,
ಹುಡುಗನನ್ನು ಟೈರಿನ ಮೇಲೆ ಕೂರಿಸಿದ.
‘ಒತ್ತಿದಾಗಲೋ, ಬಿಟ್ಟಾಗಲೋ?’
‘ಎರಡಕ್ಕೂ. ಬಿಟ್ಟಾಗ ದಪ್ಪ.’
‘ಗುಂಯ್ ಅಂತದಾ?’
‘ಇಳಿಜಾರಲ್ಲಿ. ಅಜ್ಜಿ ನಿದ್ದೇಲಿ ಅನ್ನೋ ಥರ.’
ಮುಷ್ನಿ ನನ್ನ ಮುಖ ನೋಡಿದ.
ನಾನು ನೆಲ ನೋಡಿದೆ.

ಮುಂದಿನ ಗಾಲಿಗೆ ಕಲ್ಲು, ಹಿಂದಕ್ಕೆ ಜಾಕಿ.
ನೆತ್ತಿಗೊಂದು ಕೈ, ಬುಡಕ್ಕೊಂದು ಕೈ ಕೊಟ್ಟು ಗಾಲಿ ಅಲುಗಿಸಿದ.
ಎಡಗಡೆಯದು ಗಟ್ಟಿ.
ಬಲಗಡೆಯದು
ಗೇಗಿಯ ಹಾಲುಹಲ್ಲಿನಷ್ಟು, ಬೀಳಲಿಕ್ಕೆ ಇನ್ನೂ ಮನಸ್ಸಿಲ್ಲದಷ್ಟು.

ಆಮೇಲೆ ಅಂಗಾತ ಮಲಗಿ
ಶಾಫ್ಟಿನ ಮೇಲೆ ಸುಣ್ಣದ ಗೀಟೆಳೆದ.
ಅತ್ತ ತಿರುವಿದ, ಇತ್ತ ತಿರುವಿದ.
ಗಾಲಿಗೆ ಸುದ್ದಿ ಮುಟ್ಟುವ ಮೊದಲೇ
ಗೀಟು ಒಂದು ಹೆಬ್ಬೆರಳು ಸರಿದಿತ್ತು.

‘ಯಾವುದು ಹೋಗಿದೆ?’ ಅಂದೆ.
‘ಒಂದೇ ಹೋಗಿದ್ದರೆ ಸುಲಭವಿತ್ತು, ಎತೆರಿ.
ಜಾಯಿಂಟಿನಲ್ಲಿ ಕೂದಲೆಳೆ, ಪಿನಿಯನ್ನಿನಲ್ಲಿ ಕೂದಲೆಳೆ,
ಕ್ರೌನಿನ ಹಲ್ಲಿಗೂ ಹಲ್ಲಿಗೂ ನಡುವೆ ಒಂದೆಳೆ.
ಒಂದೂ ತಪ್ಪೊಪ್ಪಿಕೊಳ್ಳುವುದಿಲ್ಲ.
ಕೂಡಿದರೆ ಹೆಬ್ಬೆರಳು.’

ಎಣ್ಣೆ ಇಳಿಸಿದ. ಕರಿ ಎಣ್ಣೆಯಲ್ಲಿ ಬೆಳ್ಳಿಯ ಹುಡಿ.
ಬೆರಳ ನಡುವೆ ತಿಕ್ಕಿ ಬಿಸಿಲಿಗೆ ಹಿಡಿದ.
ಹಿಮದಲ್ಲಿ ಹೆರಿಗೆಗೆ ಒಯ್ದ ರಾತ್ರಿ,
ಹೊರೆ ಮೀರಿ ತುಂಬಿದ ಆಲೂಗಡ್ಡೆ,
ನನ್ನ ಗಂಡನ ಪೆಟ್ಟಿಗೆ, ಕೊನೆಯ ಸಲ ಮನೆಗೆ ತಂದದ್ದು,
ಎಲ್ಲ ಅಲ್ಲೇ ಹೊಳೆಯುತ್ತಿತ್ತು.
‘ಪೂರ್ತಿ ಬಿಗಿ ಮಾಡಿಬಿಡು’ ಅಂದೆ.
‘ಪೂರ್ತಿ ಬಿಗಿ ಮಾಡಿದರೆ ಬೆಂದು ಹೋಗತ್ತೆ’ ಅಂದ,
ಬೆನ್ನು ಹಾಕಿ, ಬಿಡಿಭಾಗದ ಲೆಕ್ಕ ಬರೆಯುತ್ತಾ.

ಎಂಟು ದಿನ. ಮುನ್ನೂರೈವತ್ತು ಲಾರಿ, ಅರ್ಧ ಸಾಲ.

ಈಗ ಗಾಡಿ ಸದ್ದೇ ಮಾಡುವುದಿಲ್ಲ.
ಆ ಮೌನಕ್ಕೆ ಹೆದರಿ ಎರಡು ಸಲ ಇಳಿದು
ಹಿಂದಿನ ಗಾಲಿ ಇದೆಯೋ ಇಲ್ಲವೋ ನೋಡಿದೆ.
ಮೂರನೇ ತಿರುವಿನಲ್ಲಿ ಕಾಲೆತ್ತಿದೆ.
ಗೇಗಿ ನನಗೋಸ್ಕರ ಅಂದ.
ಹಲ್ಲು ಬಿದ್ದಿತ್ತು,
‘ಥಫ್’ ಅಂತ ಬಂತು.