ಕಿವಿ ಕೊಡುವುದು

ಇಲ್ಲಿ ಚಹಾದ ಬಟ್ಟಲು ತುಂಬಿಸುವುದಿಲ್ಲ.
ತುಂಬಿಸಿದರೆ, ಕುಡಿದು ಹೊರಡಿ ಎಂದರ್ಥ.
ತಳ ಮುಚ್ಚುವಷ್ಟು ಹೊಯ್ದು
ಮತ್ತೆ ಮತ್ತೆ ಕೈಚಾಚಿಸುವುದೇ ಮರ್ಯಾದೆ.
ತಂಗಿ ಝುಪಾರ್ ಈ ರಾತ್ರಿ ಎಷ್ಟು ಸಲ ಎದ್ದಳೋ.

ಕರಗಂಡ ದಾಟಿ, ರೈಲುಹಳಿಯ ಮಗ್ಗುಲಿನ ಮನೆ.
ಕಿಟಕಿಯ ಗಾಜಿಗೆ ಒಳಗಿನಿಂದಲೂ ಹಿಮ.
ಕಲ್ಲಿದ್ದಲ ಗಾಡಿ ಹೋದಾಗಲೆಲ್ಲ
ಹಾಸಿನ ಮೇಲೆ ಚಮಚಗಳು ಪಿಸುಗುಡುತ್ತವೆ.
ನಾವು ಸುಮ್ಮನಿದ್ದೇವೆ.

ಆಮೇಲೆ ತಲೆ ಬಂತು.

ತುಪ್ಪುಳ ಸುಟ್ಟು, ಹಲ್ಲು ಕಿತ್ತು, ಬೇಯಿಸಿದ ಕುರಿಯ ತಲೆ.
ಮೂಗು ಹಿರಿಯರ ಕಡೆಗಿರಬೇಕು.
ನನಗೆ ತಿಳಿವಳಿಕೆ ಬಂದಾಗಿನಿಂದ
ಅದು ಅಪ್ಪನ ಕಡೆಗೇ ಇತ್ತು.

ಬಾಗಿಲ ಬಳಿ, ಒದ್ದೆ ಬೂಟುಗಳ ವಾಸನೆಯಲ್ಲಿ ನಾನು.
ಕಿವಿ ಮಕ್ಕಳಿಗೆ, ಮಾತು ಕೇಳಲೆಂದು.
ಅಂಗುಳ ಹೆಣ್ಣುಮಕ್ಕಳಿಗೆ, ಕೈ ಕಸೂತಿಗೆ ಕುದುರಲೆಂದು.
(ಅಂಗುಳಕ್ಕೂ ಸೂಜಿಗೂ ಏನು ನಂಟು? ಝುಪಾರ್ ಕೇಳಿ ಬೈಸಿಕೊಂಡಿದ್ದಳು.)
ಕಿವಿ ಕೊಡು ಅನ್ನುವುದು ಬೇರೆಡೆ ಬರಿಯ ಮಾತಿರಬಹುದು,
ಇಲ್ಲಿ ಕೊಯ್ದೇ ಕೊಡುತ್ತಾರೆ.
ನನಗೆ ಮೀಸೆ ಬಂತು, ಮದುವೆಯಾಯಿತು, ಮಗ ಹುಟ್ಟಿದ,
ಅಪ್ಪ ನಗದೆ ಕಿವಿಯನ್ನೇ ದಾಟಿಸುತ್ತಿದ್ದ:
'ನಿನಗಿನ್ನೂ ಕೇಳುವುದಿದೆ.'

ಅಪ್ಪ ಬದುಕಿರುವವನು
ತಲೆಗೆ ಚಾಕು ಹಚ್ಚಬಾರದು.
ಯಾರೂ ಬರೆದಿಟ್ಟ ನಿಯಮವಲ್ಲ.

ಸೋದರಮಾವ ಸಬೀರ್‌ಖಾನ್, ಈಗ ಎಲ್ಲರಿಗಿಂತ ಹಿರಿಯ,
ರೊಟ್ಟಿ ಕವುಚಿಟ್ಟರೆ ಕೆಮ್ಮುವವನು,
ತಟ್ಟೆಯನ್ನು ಒಂದು ಗೇಣು ತಿರುಗಿಸಿದ.
ಮೂಗು ನನ್ನ ಕಡೆ ನಿಂತಿತು.
'ಕೊಯ್ಯಿ, ತೆಮಿರ್‌ಬೊಲಾತ್.'

ಚಾಕುವಿನ ಹಿಡಿಯಲ್ಲಿ ಅಪ್ಪನ ಹೆಬ್ಬೆರಳಿನ ತಗ್ಗು.
ನನ್ನದು ಅದರಲ್ಲಿ ಕೂರಲಿಲ್ಲ.

ಇಂಜಿನ್ನುಗಳ ನಡುವೆ ಮೂವತ್ತು ವರ್ಷ.
ಕೊನೆಗೆ ಅಪ್ಪನಿಗೆ ಎಡಗಿವಿ ಪೂರ್ತಿ ಹೋಗಿತ್ತು.
ನಾನು ಕೂಗಿ ಹೇಳುತ್ತಿದ್ದೆ.
ಕೂಗಿ ಸಾಕಾಗಿ, ಆಮೇಲಾಮೇಲೆ
ಹೇಳುವುದನ್ನೇ ಬಿಟ್ಟಿದ್ದೆ.

ಬಲಗಿವಿ ಮಗನಿಗೆ ಕೊಟ್ಟೆ.
ಎಡಗಿವಿ ಝುಪಾರಳ ಹುಡುಗನಿಗೆ ಸಲ್ಲಬೇಕಾದದ್ದು.
ಅದನ್ನು ನನ್ನ ಬಾಯಿಗಿಟ್ಟೆ.

ಇಂಥದನ್ನು ಯಾರೂ ಮಾಡಿದ್ದಿಲ್ಲ.
ಮಾವ ಕೆಮ್ಮಲಿಲ್ಲ, ಚಹಾದ ಬಟ್ಟಲನ್ನೇ ನೋಡುತ್ತಿದ್ದ.

ಮೆಲ್ಲೆಲುಬು. ಬೇಗ ಸವೆಯುವಂಥದಲ್ಲ.
ಅಗಿಯುವ ಸದ್ದು ತಲೆಬುರುಡೆ ತುಂಬ,
ಗಾಡಿ ಹಾದುಹೋದದ್ದೂ ಗೊತ್ತಾಗಲಿಲ್ಲ.
ಬಾಗಿಲ ಬಳಿಯಿಂದ ಮಗ ಏನೋ ಕೇಳುತ್ತಿದ್ದ,
ತುಟಿ ಅಲ್ಲಾಡುವುದಷ್ಟೇ ಕಂಡಿತು.
'ಆಂ? ಏನು?' ಎಂದೆ,
ಕೈಯನ್ನು ಎಡಗಿವಿಗೆ ಹಿಡಿದು,
ಬೇಕಾದದ್ದಕ್ಕಿಂತ ಜೋರಾಗಿ.