ಟೈರಿನ ಗಾಳಿ ಇಳಿಸುವುದು

ಗಾಡಿ ಇಲ್ಲೇ ಉಳಿಯುತ್ತದೆ, ಹೋಗುವುದು ನಾನೊಬ್ಬಳೇ.
ಮರಾಕೆಶ್‌ನಲ್ಲಿ ಬೇರೊಂದು ಬಾಡಿಗೆಗೆ ಕಾದಿದೆ,
ಅದರ ಬಣ್ಣವೂ ನನಗೆ ಗೊತ್ತಿಲ್ಲ.
ಆದರೂ ಕೌಲ್‌ಬಜಾರಿನ ಹುಸೇನ್ ಪೀರ
ಮೂರು ಭಾನುವಾರದಿಂದ ನನ್ನ ಹಳೇ ಗಾಡಿಯನ್ನು
ನನ್ನ ಕೈಯಿಂದಲೇ ಬಿಚ್ಚಿಸುತ್ತಿದ್ದಾನೆ.
‘ಗಾಡಿ ಯಾವುದಾದ್ರೇನ್ರಿ ಮೇಡಂ, ಕೈ ನಿಮ್ದೇ ಅಲ್ಲೇನು?’
ಪಾನಾ ಕೊಡುವ ಮೊದಲು ಕಣ್ಣು ಮುಚ್ಚಿಸುತ್ತಾನೆ.
ಹನ್ನೆರಡು, ಹದಿನಾಲ್ಕು, ಹದಿನೇಳು:
ಬೆರಳಿಗೇ ಗೊತ್ತಾಗಬೇಕಂತೆ.
ಕತ್ತಲಾಗುವುದಕ್ಕೆ ಮರುಭೂಮಿ ಹೇಳಿ ಕೇಳಿ ಆಗುತ್ತದೆಯೇ?

ನಾನು ಅದಿರಿನ ಲ್ಯಾಬಿನವಳು.
ಹತ್ತೊಂಬತ್ತು ವರ್ಷದಿಂದ ಧೂಳು ತೂಗಿದ್ದೇನೆ.
ಸಂಡೂರಿನ ಪುಡಿ ಕವರಿನಲ್ಲಿ ಬರುತ್ತದೆ,
ನೂರರಲ್ಲಿ ಅರವತ್ತೆರಡು ಕಬ್ಬಿಣ, ಅಥವಾ ಐವತ್ತೆಂಟು,
ಮಿಕ್ಕದ್ದು ಬರೀ ಮಣ್ಣು, ಬೆಲೆ ಇಲ್ಲದ್ದು.
ನನ್ನ ಬಿಳೀ ದುಪಟ್ಟಾಗಳೆಲ್ಲ
ಎರಡನೇ ಒಗೆತಕ್ಕೇ ಬಿಳೀ ಅನ್ನುವುದನ್ನು ಬಿಟ್ಟಿವೆ.
ಸಹಾರಾದ ಧೂಳಿನಲ್ಲಿ ಎಷ್ಟಿದ್ದೀತು?
ಪಾಸ್‌ಪೋರ್ಟಿನ ಒಳಗೆ ಒಂದು ಖಾಲಿ ಸ್ಯಾಂಪಲ್ ಕವರು ಇಟ್ಟಿದ್ದೇನೆ.
ರಜೆ ಅರ್ಜಿಯಲ್ಲಿ ಕಾರಣದ ಮುಂದೆ ಮಾತ್ರ
‘ಸ್ವಂತ ಕೆಲಸ’ ಎಂದಷ್ಟೇ ಬರೆದೆ.
ಸಾಹೇಬರು ‘ಹುಡುಗ ನೋಡ್ಲಿಕ್ಕೇನಮ್ಮ?’ ಅಂದರು,
ನಲವತ್ಮೂರರ ನನಗೆ.

ಹೊನ್ನೂರಪ್ಪ ಪ್ಯಾಂಟು ಹೊಲಿದು ಕೊಟ್ಟ,
ಮೊಣಕಾಲಿಗೆ ಮೂರು ಪದರ, ಪಕ್ಕೆಲುಬಿನಂಥ ಹೊಲಿಗೆ.
‘ಯಾವ ಕಂಪನಿ ಲೇಬಲ್ ಹಚ್ಚಲಿ?’
ಬಿಸ್ಕತ್ ಡಬ್ಬಿಯ ತುಂಬ ಲೋಕದ ಕಂಪನಿಗಳೆಲ್ಲ ಇದ್ದವು.
ಯಾವುದೂ ಬೇಡ ಅಂದಿದ್ದಕ್ಕೆ ಮುಖ ಸಣ್ಣದು ಮಾಡಿದ.
ಮನೆಗೆ ಬಂದು ನೋಡಿದರೆ ಒಳಜೇಬಿನಲ್ಲಿ
ಹಳದಿ ದಾರದ ‘ಬಳಾರಿ’,
ಒತ್ತಕ್ಷರಕ್ಕೆ ಜಾಗ ಸಾಲದೆ.

ಮರಳಿನ ಪಾಠಕ್ಕೆ ಹಗರಿಗೆ ಹೋದೆ.
ಮೋಕಾದಾಚೆ ಹೊಳೆ ಒಣಗಿ ಮಲಗಿತ್ತು,
ಹೊಳೆ ಎಂಬ ಹೆಸರು ಮಾತ್ರ ಹಸಿ.
ಮೊದಲು ಟೈರಿನ ಗಾಳಿ ಇಳಿಸಬೇಕು,
ಅದು ನನಗೆ ಹಿಡಿಸಲಿಲ್ಲ. ಇಷ್ಟು ವರ್ಷ
ಹೋಗುವುದೆಂದರೆ ಬಿಗಿಯಾಗಿ ತುಂಬಿಸುವುದು ಎಂದುಕೊಂಡಿದ್ದೆ.
ಸುಯ್ ಎಂದು ಬಿಟ್ಟ ಉಸಿರಿಗೆ ಬೆರಳೊಡ್ಡಿ ಕೂತೆ.
ತಣ್ಣಗಿತ್ತು. ಆ ಬಿಸಿಲಲ್ಲಿ, ತಣ್ಣಗೆ.

ನಾಲ್ಕು ಸಲ ಬಿದ್ದೆ.
ಐದನೇ ಸಲಕ್ಕೆ ಗಾಡಿ ನನ್ನ ಮೇಲೆ ಮಲಗಿತು.
ಕುರಿ ಬಿಟ್ಟುಕೊಂಡು ಕೂತಿದ್ದ ಮುದುಕ
ಎದ್ದು ಬಂದು ಎತ್ತಲಿಲ್ಲ,
ಕೂತಲ್ಲಿಂದಲೇ ಹೇಳಿದ:
‘ಕಾಲ ಬುಡಕ್ಕ ನೋಡತೀ ತಾಯಿ, ಅದಕ್ಕ ಬೀಳತೀ.
ಆ ಜಾಲಿಗಿಡ ನೋಡು. ಜಾಲಿ ಬಂದಮ್ಯಾಲೆ ಅದರಾಚಿ ನೋಡು.’
ಜಾಲಿ ನೋಡಿದೆ.
ಹಿಂದಿನ ಗಾಲಿ ಹಾವಿನಂತೆ ಆಡಿತು, ಆಡಲಿ ಎಂದು ಬಿಟ್ಟೆ,
ಜಾಲಿ ದಾಟಿತು, ರೈಲ್ವೆ ಸೇತುವೆ ದಾಟಿತು,
ಬಾಯಿಯ ತುಂಬ ಮರಳು, ನಗು,
ಯಾವುದನ್ನು ಮೊದಲು ಉಗುಳಲಿ?

ನಕ್ಷೆ ಮಾತ್ರ ಎಲ್ಲ ಅರಬ್ಬಿ.
ಅಂಗಡಿಯ ಸ್ಟೂಲಿನ ಮೇಲೆ ಹಾಸಿದೆ.
ಹುಸೇನ್ ಪೀರ ಕೈ ತೊಳೆದು ಬಂದ, ಮತ್ತೆ ಹೋಗಿ
ಇನ್ನೊಮ್ಮೆ ಸೋಪು ಹಚ್ಚಿ ತೊಳೆದು ಬಂದ.
ಚಿಕ್ಕವನಿದ್ದಾಗ ಮದರಸಾದಲ್ಲಿ ಕಲಿತ ಅಕ್ಷರ,
ಬಲದಿಂದ ಎಡಕ್ಕೆ, ಬೆರಳು ಮುಟ್ಟಿಸದೆ:
‘ವರ್ಝಾಝಾತ್... ತಿನ್‌ಗೀರ್... ಅರ್ಫೂದ್...’
ಒಂದೊಂದು ಊರನ್ನೂ ರಾಗವಾಗಿ ಎಳೆದ.
‘ಜೇರ್ ಜಬರ್ ಹಾಕಿಲ್ಲ ನೋಡ್ರಿ, ಅಂದಾಜಿಗೆ ಓದೋದು.’
ಅವನು ಓದಿದ್ದನ್ನು ಪಕ್ಕದಲ್ಲಿ ಕನ್ನಡದಲ್ಲಿ ಬರೆದುಕೊಂಡೆ.
ಅರ್ಥ ಏನು ಪೀರಣ್ಣ?
‘ಅದು ಯಾರೂ ಕಲಿಸಲಿಲ್ರಿ. ಅಲ್ಲಿ ಕೇಳ್ಕೊಂಡು ಬರ್ರಿ.’

ನಾಳೆ ರಾತ್ರಿ ರೈಲು.
ಕಡಕ್ ರೊಟ್ಟಿ ಹದಿನೆಂಟು, ಗುರೆಳ್ಳು ಪುಡಿ, ಒಂದು ಪಂಕ್ಚರ್ ಕಿಟ್ಟು.
ಉಳಿಯುವ ಗಾಡಿಯ ಬ್ಯಾಟರಿ ವೈರು ಬಿಚ್ಚಿ
ಹಳೇ ಕೌದಿ ಹೊದಿಸಿದೆ,
ಕನ್ನಡಿಗಳು ಎರಡೂ ಮೊಣಕೈಯಂತೆ ಎದ್ದು ನಿಂತವು.

ಬಾಗಿಲವರೆಗೂ ಬಂದವನು ಹೋಗದೆ ನಿಂತ.
ಟೋಪಿ ಸರಿ ಮಾಡಿಕೊಂಡ. ಏನಾದರೂ ತರಲೇ ಅಂದೆ.
‘ಏನೂ ಬ್ಯಾಡ್ರಿ...
ಅಲ್ಲಿ ಮೆಕ್ಯಾನಿಕ್ಕು ಇರ್ತಾರಲ್ಲ,
ಅವರ ಉಗುರು ನೋಡಿ ಬರ್ರಿ.
ಗ್ರೀಸು ಏನು ಹಚ್ಚಿ ತೆಗೀತಾರ, ಕೇಳ್ರಿ.’